ಪ್ರಯೋಗಾಲಯವಿಲ್ಲದ ಮುಂಬಯಿ ಕನ್ನಡ ಶಾಲೆಯ ಏಳನೆಯ ತರಗತಿಗೆ ಯಾವ ವಿಜ್ಞಾನ ಕಿಟ್ ಕೊಳ್ಳಬೇಕು?

ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಇಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ಸೇರಿದ ಹೊಸದರಲ್ಲಿ ನಾನೂ ಸಾಮಗ್ರಿಯೊಂದಿದ್ದರೆ ಸಾಕೆಂದು ನಂಬಿ, ಮುಖ್ಯೋಪಾಧ್ಯಾಯರನ್ನು ಕಾಡಿ ಹಣ ಪಡೆದು, ಪ್ರಿನ್ಸೆಸ್ ಸ್ಟ್ರೀಟಿನಿಂದ ಬೀಕರುಗಳನ್ನು ಹೊತ್ತು ತಂದಿದ್ದೆ.

ಮೊದಲ ಪ್ರಯೋಗ, ತಟ್ಟೆಯ ನೀರಿನಲ್ಲಿ ಉರಿಯುವ ಮೇಣದ ಬತ್ತಿ ನಿಲ್ಲಿಸಿ ಅದರ ಮೇಲೆ ಬೀಕರು ಕವುಚುವುದು. ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು, ಅದು ಉರಿದುಹೋಗುವುದರಿಂದ ನೀರೂ ಅಷ್ಟೇ ಏರುತ್ತದೆ ಎಂದು ನಾನು ಮೊದಲೇ ಹಲಗೆಯ ಮೇಲೆ ಬರೆದಿಟ್ಟಿದ್ದೆ. ಒಂದು ಗುಂಪಿನ ಹುಡುಗಿ ಮೂರು ಬತ್ತಿಗಳನ್ನಿಟ್ಟಳು. ನೀರು ಇನ್ನೂ ಮೇಲೇರಿತು. "ಟೀಚರ್, ಬತ್ತಿ ಹೆಚ್ಚಾದರೆ ಆಮ್ಲಜನಕವೂ ಹೆಚ್ಚಾಗುತ್ತದೆಯೇ?" ಎಂದಳು. ಅಳತೆ ತಪ್ಪಿದೆ, ಸರಿಮಾಡು ಎಂದೆ. ಅವಳು ತಾನು ಬರೆದದ್ದನ್ನು ಅಳಿಸಿ ಐದರಲ್ಲೊಂದು ಎಂದು ಬರೆದಳು.

ತಪ್ಪಿದ್ದವಳು ಅವಳಲ್ಲ. ಬತ್ತಿಯ ಕಾವಿಗೆ ಹಿಗ್ಗಿದ ಗಾಳಿ ಬೀಕರು ಕವುಚುವಾಗಲೇ ಒಂದಿಷ್ಟು ಹೊರಹೋಗಿರುತ್ತದೆ. ಬತ್ತಿ ಆರಿ ಒಳಗಿನ ಗಾಳಿ ತಣಿದು ಕುಗ್ಗಿದಾಗ ಹೊರಗಿನ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆದ್ದರಿಂದಲೇ ನೀರು ಸರಕ್ಕನೆ ಏರುವುದು ಬತ್ತಿ ಆರುವ ಹೊತ್ತಿಗೆ, ಉರಿಯುವಷ್ಟು ಹೊತ್ತೂ ನಿಧಾನವಾಗಿ ಅಲ್ಲ. ಬತ್ತಿ ಆರಿದಾಗ ಒಳಗೆ ಆಮ್ಲಜನಕದ ಬಹುಪಾಲು ಇನ್ನೂ ಉಳಿದಿರುತ್ತದೆ. ಇದೆಲ್ಲ ನನಗೆ ಆಗ ತಿಳಿದಿರಲಿಲ್ಲ. ಅದು ಕ್ಷಮಿಸಬಹುದಾದ ಅಜ್ಞಾನ. ಕಣ್ಣೆದುರು ನಡೆದದ್ದನ್ನು ಅಳಿಸಿಸಿದ್ದು ಹಾಗಲ್ಲ. ಮುಂದಿನ ತಿಂಗಳುಗಳಲ್ಲಿ ಇಡೀ ತರಗತಿ ನನ್ನ ಮುಖ ನೋಡಿ ಅಳತೆ ಬರೆಯುವುದನ್ನು ಕಲಿತಿತು. ಲೋಲಕದ ಪ್ರಯೋಗದಲ್ಲಿ ದಾರವನ್ನು ಅಳೆಯದೆಯೇ ಎಂಟು ಗುಂಪುಗಳೂ ಒಂದೇ ಉತ್ತರ ಕೊಟ್ಟವು. ಆ ಹುಡುಗಿ ಮತ್ತೆ ಕೈ ಎತ್ತಲಿಲ್ಲ.

ಕಿಟ್‌ಗಳ ಮೇಲೆ ನನಗೆ ದ್ವೇಷವಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಶಾಲೆಗಳಲ್ಲಿ ಆರಂಭವಾದ, ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಕೈಜೋಡಿಸಿದ್ದ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಲ್ಲೂ ಕಿಟ್ ಇತ್ತು. ಆದರೆ ಅಲ್ಲಿ ಪರೀಕ್ಷೆಯೇ ಬದಲಾಗಿತ್ತು: ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. ನಿಮ್ಮ ಘಟಕ ಪರೀಕ್ಷೆಯ ಒಂದು ಪ್ರಶ್ನೆಯನ್ನಾದರೂ ಹಾಗೆ ಬದಲಿಸಲಾಗದಿದ್ದರೆ ಬೀಕರು ಬೀರುವಿನಲ್ಲೇ ಇರುತ್ತದೆ.

ಜ್ಯಾಮ್ ಬಾಟಲಿ, ಊಟದ ತಟ್ಟೆ, ನಾಲ್ಕು ಬತ್ತಿಗಳಿಂದ ಆರಂಭಿಸಿ. ಹಲಗೆಯ ಮೇಲೆ ಏನನ್ನೂ ಬರೆಯದೆ, ಒಂದು ಬತ್ತಿಗೂ ಮೂರು ಬತ್ತಿಗೂ ನೀರು ಎಷ್ಟೆಷ್ಟು ಏರಬಹುದೆಂದು ಪ್ರತಿ ಗುಂಪಿನಿಂದಲೂ ಮೊದಲೇ ಬರೆಸಿಕೊಳ್ಳಿ. ಪೆನ್ಸಿಲಿನಲ್ಲಿ ಬೇಡ, ಪೆನ್ನಿನಲ್ಲಿ.