ಮನೆಯಲ್ಲಿ ಬಂದೂಕಿದೆ, ರಿಪೇರಿ ಕೆಲಸದವರನ್ನು ಬಿಟ್ಟು ಹೊರಗೆ ಹೋಗಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸಬೇಕು, ಹಳೆಯ ವೈರಿಂಗ್ ಬದಲಾಯಿಸಬೇಕು, ಕೊನೆಗೆ ಪೇಂಟಿಂಗ್. ಎಲ್ಲ ಸೇರಿ ಎರಡು ವಾರ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೊರಟರೆ ಸಂಜೆಯೇ ಮನೆಗೆ ಬರೋದು. ಬೆಡ್‌ರೂಮಿನ ಸ್ಟೀಲ್ ಕಪಾಟಿನಲ್ಲಿ ಲೈಸೆನ್ಸ್ ಇರುವ ಒಂದು ಬೋಲ್ಟ್ ಆಕ್ಷನ್ ರೈಫಲ್, ಒಂದು ಜೋಡಿ ನಳಿಗೆಯ ಬಂದೂಕು ಇವೆ. ಮೇಸ್ತ್ರಿ ಪರಿಚಯದವರು, ನಂಬಿಕಸ್ಥರು. ಮನೆಯ ಕೀ ಅವರಿಗೆ ಕೊಟ್ಟು ಹೋದರೆ ತಪ್ಪೇ?

ತಪ್ಪಲ್ಲ, ಆದರೆ ಮೂರು ವಿಷಯ ಸರಿಯಾಗಿರಬೇಕು. ಕಪಾಟು ಗೋಡೆಗೋ ನೆಲಕ್ಕೋ ಭದ್ರವಾಗಿ ಕೂತಿರಬೇಕು. ಅದರ ಅಷ್ಟೂ ಕೀಗಳು ನಿಮ್ಮ ಜೊತೆ ಮನೆಯಿಂದ ಹೊರಗೆ ಹೋಗಬೇಕು. ಕಪಾಟಿರುವ ಕೋಣೆಯಲ್ಲಿ ನೀವಿಲ್ಲದಾಗ ಕೆಲಸ ನಡೆಯಬಾರದು. ಈ ಮೂರರಲ್ಲಿ ಒಂದಕ್ಕೆ ದಾರಿಯಿಲ್ಲ ಅಂದರೂ ಆ ಎರಡು ವಾರ ಬಂದೂಕುಗಳನ್ನು ಮನೆಯಿಂದ ಬೇರೆಡೆಗೆ ಸಾಗಿಸಿ. ಲೈಸೆನ್ಸ್ ಹೊಂದಿದ ಬಂದೂಕು ವ್ಯಾಪಾರಿಗಳು ಹಲವು ಕಡೆ ರಸೀದಿ ಕೊಟ್ಟು ಠೇವಣಿ ಇಟ್ಟುಕೊಳ್ಳುತ್ತಾರೆ. ಗೆಳೆಯರ ಮನೆಯಲ್ಲಿ ಇಡುವ ಯೋಚನೆಯಿದ್ದರೆ ಅವರ ಲೈಸೆನ್ಸ್ ಅದಕ್ಕೆ ಅವಕಾಶ ಕೊಡುತ್ತದೆಯೇ ಅಂತ ಮೊದಲು ಕೇಳಿ ತಿಳಿದುಕೊಳ್ಳಿ. ಸುಮ್ಮನೆ ಒಯ್ದು ಇಟ್ಟುಬಿಟ್ಟರೆ ಇಬ್ಬರೂ ಸಿಕ್ಕಿಹಾಕಿಕೊಳ್ಳಬಹುದು.

ಮೇಸ್ತ್ರಿ ನಂಬಿಕಸ್ಥರು ಅನ್ನುವುದನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಕೆಲಸಕ್ಕೆ ಬರುವವರು ಅವರೊಬ್ಬರೇ ಅಲ್ಲ. ಎರಡನೇ ದಿನ ಹೊಸ ಹೆಲ್ಪರ್ ಬರುತ್ತಾನೆ, ಟೈಲ್ಸ್ ಇಳಿಸಲು ಇಬ್ಬರು ಬರುತ್ತಾರೆ, ಎಲೆಕ್ಟ್ರಿಷಿಯನ್ ತನ್ನ ಕಡೆಯ ಹುಡುಗನನ್ನು ಕಳಿಸುತ್ತಾನೆ. ಇವರಲ್ಲಿ ಯಾರೋ ಒಬ್ಬ ಅಂದೇ ಬಂದೂಕು ಎತ್ತಿಕೊಂಡು ಹೋಗುವ ಸಾಧ್ಯತೆ ಕಡಿಮೆ, ಯಾಕೆಂದರೆ ಅನುಮಾನ ಮೊದಲು ಬರುವುದು ಅವನ ಮೇಲೆಯೇ. ನಾನು ಹೆಚ್ಚು ಹೆದರುವುದು ಬೇರೆ ಎರಡಕ್ಕೆ. ಒಂದು, ಕುತೂಹಲಕ್ಕೆ ಕೈಗೆತ್ತಿಕೊಂಡು ಕುದುರೆ (ಟ್ರಿಗರ್) ಎಳೆಯುವುದು. ಇನ್ನೊಂದು, 'ಆ ಮನೆಯಲ್ಲಿ ಬಂದೂಕಿದೆ, ಇಂಥ ಕೋಣೆಯಲ್ಲಿದೆ' ಅನ್ನುವ ಮಾತು ಹೊರಗೆ ಹೋಗಿ ತಿಂಗಳುಗಳ ನಂತರ ಬೇರೆ ಯಾರೋ ಬರುವುದು. ಇದರ ಜೊತೆಗೆ ಕಾನೂನಿನ ಮಾತೂ ಇದೆ. ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕಾದ ಕಡೆಗಳಲ್ಲಿ ಸಾಮಾನ್ಯವಾಗಿ ಅದನ್ನು ಬೇರೆಯವರ ಕೈಗೆ ಸಿಗದ ಹಾಗೆ ಇಡುವ ಹೊಣೆಯೂ ಲೈಸೆನ್ಸ್ ಇರುವವರದ್ದೇ. ಏನೂ ಕಳುವಾಗದಿದ್ದರೂ, ಬೇರೆಯವರ ಕೈಗೆ ಸಿಗುವ ಹಾಗೆ ಬಿಟ್ಟಿದ್ದೇ ಲೈಸೆನ್ಸ್‌ಗೆ ಕುತ್ತಾಗಬಹುದು. ನಿಮ್ಮ ಲೈಸೆನ್ಸಿನ ಷರತ್ತುಗಳನ್ನು ಕೆಲಸ ಶುರುವಾಗುವ ಮೊದಲು ಒಮ್ಮೆ ಓದಿ.

ಬಹಳ ಮನೆಗಳಲ್ಲಿ ಎಡವುವುದು ಕೀ ವಿಷಯದಲ್ಲಿ. ಗಟ್ಟಿ ಕಪಾಟು ಇರುತ್ತದೆ, ಕೀ ಮಾತ್ರ ಡ್ರಾಯರಿನ ಮೂಲೆಯಲ್ಲೋ ಬಟ್ಟೆಯ ಮಡಿಕೆಯಲ್ಲೋ ಇರುತ್ತದೆ. ರಿಪೇರಿ ದಿನಗಳಲ್ಲಿ ಮಂಚ, ಮೇಜು, ಬೀರು ಎಲ್ಲ ಜರುಗುತ್ತವೆ, ಡ್ರಾಯರು ಹೊರಗೆ ಬರುತ್ತದೆ, ಬಟ್ಟೆ ಮೂಟೆ ಕಟ್ಟುತ್ತಾರೆ. ಎಂದೂ ಯಾರೂ ಮುಟ್ಟದ ಜಾಗಗಳನ್ನೆಲ್ಲ ಮುಟ್ಟುವ ಎರಡು ವಾರ ಅದು. ಆದ್ದರಿಂದ ಕೀಯನ್ನು ಬಚ್ಚಿಡುವ ಯೋಚನೆಯನ್ನೇ ಬಿಡಿ. ಒಂದು ನಿಮ್ಮ ಮೈಮೇಲೆ ಇರಲಿ. ಸ್ಪೇರ್ ಕೀ ಬ್ಯಾಂಕ್ ಲಾಕರಿನಲ್ಲೋ, ಬೀಗವಿರುವ ಆಫೀಸ್ ಡ್ರಾಯರಿನಲ್ಲೋ ಇರಲಿ. ಮನೆಯ ಕೀ ಗೊಂಚಲಿನಲ್ಲಿ ಕಪಾಟಿನ ಕೀ ಪೋಣಿಸಿದ್ದರೆ ಇಂದೇ ಬೇರೆ ಮಾಡಿ, ಇಲ್ಲದಿದ್ದರೆ ಅವಸರದಲ್ಲಿ ಇಡೀ ಗೊಂಚಲನ್ನೇ ಮೇಸ್ತ್ರಿ ಕೈಗೆ ಕೊಟ್ಟಿರುತ್ತೀರಿ. ಕೆಲವು ಕಪಾಟುಗಳ ಕೀ ಮೇಲೆ, ಇಲ್ಲವೇ ಬೀಗದ ಮುಖದ ಮೇಲೆ ಒಂದು ನಂಬರ್ ಕೊರೆದಿರುತ್ತದೆ. ಆ ನಂಬರಿನಿಂದಲೇ ಹೊಸ ಕೀ ಮಾಡಿಸಬಹುದಾದ ಬೀಗಗಳಿವೆ. ಬೀಗದ ಮೇಲಿದ್ದರೆ ಬರೆದುಕೊಂಡು ಅರದಿಂದ ಉಜ್ಜಿಬಿಡಿ. ಕೀ ಮೇಲಿದ್ದರೆ ಅದನ್ನು ಮೇಜಿನ ಮೇಲೆ ಕಾಣುವ ಹಾಗೆ ಇಡಬೇಡಿ, ನಕಲು ಕೀ ಮಾಡಿಸಲು ಯಾರಿಗಾದರೂ ಅದರ ಒಂದು ಫೋಟೊ ಸಾಕು.

ಕೀಪ್ಯಾಡ್ ಇರುವ ಕಪಾಟಾದರೆ ಕಂಪನಿಯಿಂದ ಬಂದಾಗ ಇದ್ದ ಕೋಡ್ ಬದಲಾಗಿದೆಯೇ ನೋಡಿ. ಅದೇ ಅಂಕಿಗಳನ್ನು ವರ್ಷಗಟ್ಟಲೆ ಒತ್ತಿದರೆ ಆ ಬಟನ್‌ಗಳು ಮಾತ್ರ ಸವೆದು ಹೊಳೆಯುತ್ತವೆ. ಅದರ ಮೇಲೆ ಸಿಮೆಂಟಿನ ದೂಳು ಕೂತರೆ ಬೆರಳಿಟ್ಟ ಜಾಗ ಇನ್ನೂ ಸ್ಪಷ್ಟ. ಕೆಲಸ ಶುರುವಾಗುವ ಹಿಂದಿನ ದಿನ ಹೊಸ ಕೋಡ್ ಹಾಕಿ, ಕೀಪ್ಯಾಡ್ ಒರೆಸಿ, ಬ್ಯಾಟರಿಯನ್ನೂ ಬದಲಾಯಿಸಿ. ಇಂಥ ಹಲವು ಕಪಾಟುಗಳಿಗೆ ತುರ್ತಿಗೆಂದು ಒಂದು ಕೀ ಕೂಡ ಇರುತ್ತದೆ, ಅದು ಎಲ್ಲಿದೆ ಅನ್ನುವುದೇ ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಹುಡುಕಿ ತೆಗೆದು ಅದನ್ನೂ ಹೊರಗೆ ಸಾಗಿಸಿ. ತಿರುಗಿಸುವ ಡಯಲ್ ಇದ್ದರೆ, ಬಾಗಿಲು ಹಾಕಿದ ಮೇಲೆ ಒಂದೇ ದಿಕ್ಕಿನಲ್ಲಿ ಕನಿಷ್ಠ 4 ಪೂರ್ತಿ ಸುತ್ತು ತಿರುಗಿಸಿ. ಬೇಗ ತೆಗೆಯಲು ಸುಲಭ ಅಂತ ಕೊನೆಯ ಅಂಕಿಯಿಂದ ಸ್ವಲ್ಪ ಮಾತ್ರ ಸರಿಸಿ ಬಿಡುವ ಅಭ್ಯಾಸ ಕೆಲವರಿಗಿದೆ. ಒಳಗಿನ ಚಕ್ರಗಳು ಆಗ ಜೋಡಣೆಯಲ್ಲೇ ನಿಂತಿರುತ್ತವೆ, ಯಾರಾದರೂ ಸುಮ್ಮನೆ ಡಯಲ್ ತಿರುಗಿಸಿದರೂ ಬಾಗಿಲು ತೆರೆದುಕೊಳ್ಳಬಹುದು.

ಕಪಾಟಿನ ಮೈ ಬಗ್ಗೆ ನೇರವಾಗಿ ಹೇಳುತ್ತೇನೆ. ಬಂದೂಕಿನ ಕಪಾಟು ಎಂದು ಮಾರುವ ಎಷ್ಟೋ ಪೆಟ್ಟಿಗೆಗಳು 2ರಿಂದ 3 ಮಿಲಿಮೀಟರ್ ದಪ್ಪದ ಶೀಟಿನವು. ನಿಂತಿರುವಾಗ ಅದರ ಬಾಗಿಲು ಮೀಟಲು ಕಷ್ಟ. ನೆಲಕ್ಕೆ ಬೀಳಿಸಿದರೆ ಇಬ್ಬರು ಹಾರೆ ಹಾಕಿ ಪೂರ್ತಿ ಭಾರ ಬಿಟ್ಟು ಮೀಟಬಹುದು. ಗೋಡೆಗೆ ಆಂಕರ್ (ಗೋಡೆಯೊಳಗೆ ಕಚ್ಚಿ ಹಿಡಿಯುವ ಬೋಲ್ಟ್) ಹಾಕುವುದು ಕಪಾಟನ್ನು ಹೊತ್ತೊಯ್ಯದಿರಲಿ ಎಂದಷ್ಟೇ ಅಲ್ಲ, ಬೀಳಿಸಲಾಗದಿರಲಿ ಎಂದು ಕೂಡ. ಕಪಾಟಿನ ಒಳಗಿನಿಂದ 10 ಅಥವಾ 12 ಮಿಲಿಮೀಟರಿನ 4 ಆಂಕರ್ ಬೋಲ್ಟ್, ಅಗಲ ವಾಷರ್ ಸಮೇತ. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟಿಗೆ ಹಿಗ್ಗುವ ಆಂಕರ್ ನಡೆಯುತ್ತದೆ. ಟೊಳ್ಳು ಬ್ಲಾಕ್ ಗೋಡೆಯಲ್ಲಿ ಅದು ಹಿಡಿಯುವುದಿಲ್ಲ, ಜಾಲರಿ ಕೊಳವೆ ಹಾಕಿ, ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬಳಸಬೇಕು. ಸಾಧ್ಯವಾದರೆ ಬಾಗಿಲು ತೆರೆಯುವ ಅಂಚು ಮೂಲೆಯ ಗೋಡೆಯ ಪಕ್ಕಕ್ಕೆ ಬರುವ ಹಾಗೆ ಕೂರಿಸಿ. ಬಾಗಿಲು ಪೂರ್ತಿ ತೆರೆಯಲು ಸ್ವಲ್ಪ ಇಕ್ಕಟ್ಟಾಗುತ್ತದೆ, ಆದರೆ ಹಾರೆಕೋಲು ಆಡಿಸಲು ಜಾಗವೇ ಇರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಟೈಲ್ಸ್, ಕಬ್ಬಿಣ ಕತ್ತರಿಸುವ ಆಂಗಲ್ ಗ್ರೈಂಡರಿನ ಮುಂದೆ 3 ಮಿಲಿಮೀಟರ್ ಶೀಟು ಕೆಲವೇ ನಿಮಿಷದ ಮಾತು. ರಿಪೇರಿ ನಡೆಯುವ ಮನೆಯಲ್ಲಿ ಆ ಗ್ರೈಂಡರ್ ಆಗಲೇ ಇರುತ್ತದೆ! ಹಗಲಲ್ಲಿ ಅದರ ಸದ್ದನ್ನು ಅಕ್ಕಪಕ್ಕದವರೂ ಸಹಜ ಅಂದುಕೊಳ್ಳುತ್ತಾರೆ. ಸಂಜೆ ಗ್ರೈಂಡರ್, ಡ್ರಿಲ್ಲಿಂಗ್ ಮಷಿನ್, ಹಾರೆ, ಸುತ್ತಿಗೆಗಳನ್ನು ಕೆಲಸಗಾರರು ಒಯ್ಯಲಿ, ಇಲ್ಲವೇ ಬೀಗ ಹಾಕುವ ಬೇರೆ ಜಾಗದಲ್ಲಿ ಇಡಲಿ ಎಂದು ಮೊದಲ ದಿನವೇ ಮಾತಾಡಿಕೊಳ್ಳಿ. ರಾತ್ರಿ ನುಗ್ಗಿದ ಕಳ್ಳನಿಗೆ ಕಪಾಟು ಒಡೆಯುವ ಉಪಕರಣಗಳನ್ನು ನೀವೇ ಕೊಟ್ಟಂತೆ ಆಗಬಾರದು.

ಈಗ ಬಂದೂಕಿಗೆ ಬರೋಣ. ಕೆಲಸ ಶುರುವಾಗುವ ಹಿಂದಿನ ಸಂಜೆ ಎರಡನ್ನೂ ಹೊರತೆಗೆದು ಖಾಲಿ ಇದೆಯೇ ನೋಡಿ. ನಳಿಗೆ ಯಾರೂ ಇಲ್ಲದ ಗಟ್ಟಿ ಗೋಡೆಯ ಕಡೆಗಿರಲಿ, ಬೆರಳು ಕುದುರೆಯಿಂದ ದೂರವಿರಲಿ. ತೋಟಾಗಳನ್ನು (ಕಾಟ್ರಿಜ್) ತುಂಬಿಡುವ ಮ್ಯಾಗಜೀನ್ ಇರುವ ಬಂದೂಕಿನಲ್ಲಿ ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಬೋಲ್ಟ್ (ತೋಟಾ ಕೂರುವ ಚೇಂಬರನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡು) ಎಳೆಯಬೇಕು. ಅದಲು ಬದಲಾದರೆ ಚೇಂಬರಿನ ತೋಟಾ ಹೊರಗೆ ಬಂದು, ಬೋಲ್ಟ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಸೇರುತ್ತದೆ. ಖಾಲಿ ಎಂದು ನಂಬಿ ಇಟ್ಟ ಬಂದೂಕು ತುಂಬಿರುವುದು ಹೀಗೆ. ಬರೀ ಕಣ್ಣಲ್ಲಿ ನೋಡಿದರೆ ಸಾಲದು, ಚೇಂಬರಿಗೆ ಬೆರಳಾಡಿಸಿ ನೋಡಿ.

ನಂತರ ರೈಫಲ್ಲಿನ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ಬೀಗವಿರುವ ಬೇರೊಂದು ಸಣ್ಣ ಪೆಟ್ಟಿಗೆಯಲ್ಲಿಡಿ. ಬೋಲ್ಟ್ ಇಲ್ಲದ ರೈಫಲ್ ಗುಂಡು ಹಾರಿಸುವುದಿಲ್ಲ. ಜೋಡಿ ನಳಿಗೆಯದರಲ್ಲಿ ನಳಿಗೆಯ ಕೆಳಗಿನ ಮುಂಭಾಗದ ಮರದ ಹಿಡಿಯನ್ನು ಕಳಚಿದರೆ ನಳಿಗೆಯೂ ಬೇರೆಯಾಗುತ್ತದೆ. ಆ ಮರದ ತುಂಡನ್ನು ರೈಫಲ್ಲಿನ ಬೋಲ್ಟ್ ಜೊತೆ ಇಟ್ಟರಾಯಿತು. ಬೋಲ್ಟನ್ನು ಬ್ಯಾಗಿನಲ್ಲಿ ಹಾಕಿಕೊಂಡು ಆಫೀಸಿಗೆ ಹೋಗಬೇಡಿ. ಕೆಲವು ದೇಶಗಳ ಕಾನೂನಿನಲ್ಲಿ ಬೋಲ್ಟ್ ಕೂಡ ಬಂದೂಕಿನ ಲೆಕ್ಕಕ್ಕೇ ಸೇರುತ್ತದೆ. ಕುದುರೆಗೆ ಹಾಕುವ ಬೀಗಕ್ಕಿಂತ ಚೇಂಬರಿನ ಮೂಲಕ ಹಾಯಿಸುವ ಕೇಬಲ್ ಬೀಗವೇ ನನ್ನ ಆಯ್ಕೆ, ಯಾಕೆಂದರೆ ಕೇಬಲ್ ಇರುವಾಗ ತೋಟಾ ಹಾಕಲು ಜಾಗವೇ ಇರುವುದಿಲ್ಲ. ಕುದುರೆ ಬೀಗವನ್ನು ತುಂಬಿದ ಬಂದೂಕಿಗೆ ಹಾಕಲು ಹೋದರೆ ಹಾಕುವಾಗಲೇ ಗುಂಡು ಹಾರಬಹುದು.

ತೋಟಾಗಳನ್ನು ಎಣಿಸಿ ಬರೆದಿಟ್ಟು ಮೂರನೆಯ ಜಾಗದಲ್ಲಿ ಬೀಗ ಹಾಕಿ. ಬಾತ್‌ರೂಮ್ ಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ. ಪೈಪ್ ಬೆಸೆಯಲು ಟಾರ್ಚ್ ಹಚ್ಚುವುದು, ವೆಲ್ಡಿಂಗ್, ಕಬ್ಬಿಣ ಕತ್ತರಿಸುವಾಗಿನ ಕಿಡಿ, ಇವೆಲ್ಲ ಆ ಗೋಡೆಯ ಆಚೆಗೆ ನಡೆಯುತ್ತವೆ. ಬಿಡಿ ತೋಟಾಗೆ ಬೆಂಕಿ ತಗಲಿದರೆ ಹಿತ್ತಾಳೆ ಸಿಡಿದು ಚೂರು ಹಾರುತ್ತದೆ, ಆದರೆ ಸುತ್ತ ಹಿಡಿದಿಡುವ ಚೇಂಬರ್ ಇಲ್ಲದ್ದರಿಂದ ಗುಂಡಿಗೆ ಪೂರ್ತಿ ವೇಗ ಬರುವುದಿಲ್ಲ. ಚೇಂಬರಿನೊಳಗೆ ಉಳಿದ ತೋಟಾ ಕಾದು ಸಿಡಿದರೆ ಮಾತ್ರ ಅದು ನಿಜವಾದ ಹೊಡೆತವೇ. ಖಾಲಿ ಮಾಡುವುದರ ಮೇಲೆ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಕಳ್ಳತನದ ಯೋಚನೆಯಲ್ಲಿ ಎಲ್ಲರೂ ಮರೆಯುವ ಸಂಗತಿ ತುಕ್ಕು. ಹಸಿ ಗಾರೆ, ಹೊಸ ಪುಟ್ಟಿ, ಒಣಗುತ್ತಿರುವ ಬಣ್ಣ ಎಲ್ಲ ಸೇರಿ ಮನೆಯ ಗಾಳಿಯಲ್ಲಿ ತೇವ ಏರಿಸುತ್ತವೆ. ಅದಕ್ಕಿಂತ ಕೆಟ್ಟದ್ದು ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಬಳಸುವ ಆಸಿಡ್. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಹೊಗೆ ಮುಚ್ಚಿದ ಕಪಾಟಿನ ಸಂದಿಯಲ್ಲೂ ನುಸುಳಿ, ಎಣ್ಣೆ ಆರಿದ ನಳಿಗೆಯ ಮೇಲೆ ಒಂದೇ ರಾತ್ರಿಯಲ್ಲಿ ಕೆಂಪು ಚುಕ್ಕಿ ಎಬ್ಬಿಸಬಲ್ಲದು. ಆಸಿಡ್ ಬಳಸುವ ದಿನ ಯಾವುದು ಅಂತ ಮೇಸ್ತ್ರಿಯನ್ನು ಮೊದಲೇ ಕೇಳಿ. ಅಂದು ಬೆಡ್‌ರೂಮ್ ಬಾಗಿಲು ಮುಚ್ಚಿರಲಿ, ಬಾತ್‌ರೂಮ್ ಕಿಟಕಿ ತೆರೆದಿರಲಿ, ಬಾಟಲಿ ಮನೆಯೊಳಗೆ ಉಳಿಯದಿರಲಿ. ಬಂದೂಕಿನ ಎಲ್ಲ ಲೋಹಕ್ಕೂ ತೆಳುವಾಗಿ ಗನ್ ಆಯಿಲ್ ಸವರಿ, ಕಪಾಟಿನ ಬಾಗಿಲ ಸಂದಿಗೆ ಹೊರಗಿನಿಂದ ಮಾಸ್ಕಿಂಗ್ ಟೇಪ್ ಅಂಟಿಸಿ, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್ ಇಡಿ. ಒಂದು ಸಣ್ಣ ತೇವಮಾಪಕ ಇಟ್ಟರೆ ಇನ್ನೂ ಒಳ್ಳೆಯದು, ಅಂಕಿ ಶೇ 50ರ ಆಸುಪಾಸಿನಲ್ಲಿ ಇರಬೇಕು. ಚರ್ಮದ ಅಥವಾ ಸ್ಪಂಜಿನ ಚೀಲದೊಳಗೆ ಬಂದೂಕು ಇಡಬೇಡಿ, ಅವು ತೇವ ಹಿಡಿದಿಡುತ್ತವೆ. ಕಪಾಟಿನಲ್ಲಿ ಬಿಸಿ ಮಾಡುವ ಕರೆಂಟಿನ ರಾಡ್ ಇದ್ದರೆ, ಎಲೆಕ್ಟ್ರಿಷಿಯನ್ ಮೇನ್ ಇಳಿಸಿದ ದಿನ ಅದೂ ತಣ್ಣಗಾಗುತ್ತದೆ. ಅಂದೇ ಅಲಾರಂ ಬ್ಯಾಟರಿ ಮೇಲೆ ಓಡುತ್ತದೆ, ವೈಫೈ ಕ್ಯಾಮೆರಾ ಸತ್ತಿರುತ್ತದೆ. ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಎರಡೂ ಇರುವ ಕ್ಯಾಮೆರಾ ಬೇಕಾಗುವುದು ಇಂಥ ದಿನಕ್ಕೇ. ಅದನ್ನು ಬೆಡ್‌ರೂಮ್ ಬಾಗಿಲ ಕಡೆಗೆ ತಿರುಗಿಸಿಡಿ, ಕ್ಯಾಮೆರಾ ಇದೆ ಎಂದು ಕೆಲಸದವರಿಗೆ ಹೇಳಿಬಿಡಿ.

ಬಂದೂಕಿನ ವಿಷಯ ಅವರಿಗೆ ಹೇಳಬೇಕೇ? ಬೇಡ. 'ಈ ಕೋಣೆಗೆ ಬೀಗ ಹಾಕಿದ್ದೇನೆ, ಇಲ್ಲಿನ ವೈರಿಂಗ್ ನಾನು ಮನೆಯಲ್ಲಿರುವ ದಿನ ಮಾಡೋಣ' ಅಂದರೆ ಸಾಕು, ಕಾರಣ ಯಾರೂ ಕೇಳುವುದಿಲ್ಲ. ಕೋಣೆಯೊಳಗಿನ ಕೆಲಸವನ್ನೆಲ್ಲ ಒಂದೇ ದಿನಕ್ಕೆ ಒಟ್ಟು ಮಾಡಿಸಿ, ಅಂದು ರಜೆ ಹಾಕಿ. ಕಪಾಟನ್ನು ದೊಡ್ಡ ಬೆಡ್‌ಶೀಟಿನಿಂದ ಮುಚ್ಚಿ, ಪೇಂಟಿಂಗಿಗೆ ಎಲ್ಲವನ್ನೂ ಮುಚ್ಚುವುದು ಇದ್ದದ್ದೇ. ಬಂದೂಕಿನ ಚೀಲ, ಎಣ್ಣೆ ಡಬ್ಬಿ, ನಳಿಗೆ ಉಜ್ಜುವ ಕಡ್ಡಿ, ಖಾಲಿ ತೋಟಾ, ಗೋಡೆಯ ಮೇಲಿನ ಶೂಟಿಂಗ್ ಫೋಟೊ, ಲೈಸೆನ್ಸ್ ಪುಸ್ತಕ, ಇವನ್ನೂ ಕಣ್ಣಿಗೆ ಬೀಳದ ಹಾಗೆ ಎತ್ತಿಡಿ. ಕಪಾಟು ಕಾಣದಿದ್ದರೂ ಇವು ಅದರ ವಿಳಾಸ ಹೇಳುತ್ತವೆ. ಕಪಾಟು ಕೂತಿರುವ ಗೋಡೆಯಲ್ಲಿ ವೈರಿಂಗಿಗೆ ಸೀಳು ಕೊರೆಯಬೇಕಾದರೆ ಆಂಕರಿನಿಂದ ಕನಿಷ್ಠ ಒಂದು ಅಡಿ ದೂರವಿರಲಿ. ಅದೇ ಗೋಡೆಯ ಬಾತ್‌ರೂಮ್ ಬದಿಯ ಹಳೆ ಟೈಲ್ಸ್ ಒಡೆಯುವಾಗಿನ ಅದುರುವಿಕೆಗೂ ಆಂಕರ್ ಸಡಿಲವಾಗಬಹುದು. ಒಡೆಯುವ ಕೆಲಸ ಮುಗಿದ ಸಂಜೆ ಸ್ಪ್ಯಾನರ್ ಹಾಕಿ ನೋಡಿ. ಬೋಲ್ಟ್ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ ಹಿಡಿತ ಹೋಗಿದೆ ಅಂತಲೇ ಅರ್ಥ. ಹೊಸ ಜಾಗದಲ್ಲಿ ಹೊಸ ಆಂಕರ್ ಹಾಕಿಸುವ ತನಕ ಬಂದೂಕುಗಳು ಆ ಕಪಾಟಿನಲ್ಲಿರಬಾರದು.

ದಿನವೂ ಬೆಳಿಗ್ಗೆ ಹೊರಡುವ ಮುಂಚೆ ಬಾಗಿಲ ಸಂದಿಗೆ ಅಡ್ಡಲಾಗಿ ನಂಬರ್ ಇರುವ ಸೀಲ್ ಸ್ಟಿಕ್ಕರ್ ಒಂದನ್ನು ಅಂಟಿಸಿ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಂಜೆ ಬಂದ ಕೂಡಲೇ, ಕೆಲಸದವರು ಹೊರಡುವ ಮೊದಲೇ ಅದನ್ನು ನೋಡಿ. ಸೀಲ್ ಸರಿಯಿದ್ದರೂ ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಕಪಾಟು ತೆರೆದು ಬಂದೂಕಿನ ಮೇಲಿನ ನಂಬರ್ ಓದಿ, ತೋಟಾ ಎಣಿಸಿ, ತುಕ್ಕು ನೋಡಿ. ಕೆಲಸ ಮುಗಿದ ದಿನ ಮನೆಯ ಕೀ ವಾಪಸ್ ಬಂದರೂ ಮುಂಬಾಗಿಲ ಬೀಗದ ಸಿಲಿಂಡರ್ ಬದಲಾಯಿಸಿ, ಕಪಾಟಿನ ಕೋಡ್ ಮತ್ತೆ ಬದಲಾಯಿಸಿ.

ಸೀಲ್ ಹರಿದಿದ್ದರೆ ಅಥವಾ ಏನಾದರೂ ಕಾಣೆಯಾಗಿದ್ದರೆ ಕಪಾಟನ್ನು ಮುಟ್ಟಬೇಡಿ, ಬೆರಳಚ್ಚು ಉಳಿದಿರುತ್ತದೆ. ಯಾರನ್ನೂ ನೀವೇ ವಿಚಾರಿಸಲು ಹೋಗದೆ ತಕ್ಷಣ ಪೊಲೀಸರಿಗೆ ಫೋನ್ ಮಾಡಿ. ತಡ ಮಾಡಿದಷ್ಟೂ ಪ್ರಶ್ನೆ ನಿಮ್ಮ ಕಡೆಗೇ ತಿರುಗುತ್ತದೆ. ಅವರು ಮೊದಲು ಕೇಳುವುದು ಬಂದೂಕಿನ ತಯಾರಕರ ಹೆಸರು, ಬೋರ್ (ನಳಿಗೆಯ ಒಳಅಳತೆ), ನಂಬರ್. ಆ ವಿವರದ ಜೊತೆ ಎರಡೂ ಬದಿಯ ಫೋಟೊ, ಲೈಸೆನ್ಸಿನ ನಕಲು, ಪ್ರತಿದಿನ ಯಾರು ಯಾರು ಕೆಲಸಕ್ಕೆ ಬಂದಿದ್ದರು ಅನ್ನುವ ಪಟ್ಟಿ ಇವೆಲ್ಲ ಕಪಾಟಿನ ಹೊರಗೆ, ನಿಮ್ಮ ಫೋನಿನಲ್ಲಿ ಇರಲಿ.