ಹೆಣ ಬೀಳದ ಪತ್ತೇದಾರಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಹೊಗಳಿದ್ದ ಸ್ವೀಡನ್ ಪತ್ತೇದಾರಿ ಕಾದಂಬರಿ ಓದಿದೆ. ಈಗ ಹೆಣ ಬೀಳುತ್ತೆ, ಆಗ ಬೀಳುತ್ತೆ ಅಂತ ಕಾದಿದ್ದೇ ಬಂತು. ಅಲ್ಲಿನ ಪೊಲೀಸರಿಗೆ ಬೇರೆ ಕೆಲಸ ಇಲ್ವಾ? – ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ನಮಸ್ಕಾರ. ಹೆಣ ಸಿಗುತ್ತದೆ ಅಂತ ನಾವೂ ಹೇಳಿರಲಿಲ್ಲ, ಅಲ್ವಾ?

ನೀವು ಓದಿದ್ದು ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಅವರ ‘ದಿ ಡಿಪಾರ್ಟ್‌ಮೆಂಟ್ ಆಫ್ ಸೆನ್ಸಿಟಿವ್ ಕ್ರೈಮ್ಸ್’ (2019), ಅಂದರೆ ಸೂಕ್ಷ್ಮ ಅಪರಾಧಗಳ ವಿಭಾಗ. ಕಥೆ ನಡೆಯುವುದು ಸ್ವೀಡನ್ನಿನ ಮಾಲ್ಮೊದಲ್ಲಿ, ಬರೆದವರು ಮಾತ್ರ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇರುವವರು. ಆ ಕಡೆಯ ಪತ್ತೇದಾರಿ ಕಥೆ ಅಂದರೆ ಹಿಮ, ಕತ್ತಲು, ರಕ್ತ. ಅದಕ್ಕೆ ‘ನ್ವಾರ್’, ಅಂದರೆ ಕಪ್ಪು, ಅನ್ನುತ್ತಾರೆ. ಇವರು ತಮ್ಮದನ್ನು ‘ಬ್ಲಾಂಕ್’, ಅಂದರೆ ಬಿಳಿ, ಅಂತ ಕರೆದರು. ನಾಯಕನ ಹೆಸರು ಉಲ್ಫ್ ವಾರ್ಗ್. ಉಲ್ಫ್ ಅಂದರೂ ತೋಳ, ವಾರ್ಗ್ ಅಂದರೂ ತೋಳ. ಈ ಜೋಡಿ ತೋಳ ಸಾಕಿರುವುದು ಕಿವಿ ಕೇಳದ ಒಂದು ನಾಯಿಯನ್ನು. ತುಟಿ ನೋಡಿ ಮಾತು ತಿಳಿಯುವುದು ಅದಕ್ಕೆ ಗೊತ್ತು!

ಮೊದಲ ಕೇಸನ್ನೇ ನೋಡಿ. ಸಂತೆಯಲ್ಲಿ ಅಂಗಡಿ ಇಟ್ಟವನೊಬ್ಬನಿಗೆ ಯಾರೋ ಚುಚ್ಚಿದ್ದಾರೆ. ಎದೆಗಲ್ಲ, ಬೆನ್ನಿಗಲ್ಲ, ಮೊಣಕಾಲಿನ ಹಿಂದೆ. ಕೊಲೆ ಆಗಿದ್ದರೆ ನಾವು ‘ಯಾರು?’ ಅಂತ ಕೇಳಿ ಪುಟ ತಿರುವುತ್ತಿದ್ದೆವು. ಇಲ್ಲಿ ‘ಅಲ್ಲಿಗೇ ಯಾಕೆ?’ ಅನ್ನದೆ ಮುಂದೆ ಹೋಗೋಕೆ ಆಗಲ್ಲ. ನನಗೆ ಹಿಡಿಸಿದ್ದು ಅದೇ. ಹಾಗಂತ ಆಕಳಿಸಿದ್ದು ನೀವೊಬ್ಬರೇ ಅಲ್ಲ. ಉಲ್ಫ್ ಕಾಫಿ ಮುಂದೆ ಕೂತು ತತ್ವ ಮಾತಾಡುವಾಗ ನಾನೂ ಸುಮ್ನೆ ಪುಟ ಹಾರಿಸಿದ್ದೇನೆ.

ಇಂಥ ಅಪರಾಧ ನಿಜವಾಗಿ ನಡೆಯುತ್ತವಾ ಅನ್ನುವ ಅನುಮಾನ ಇದ್ದರೆ ಸ್ವೀಡನ್ನಿನದೇ ಯೆವ್ಲೆ ಪಟ್ಟಣದ ಕಥೆ ಕೇಳಿ. 1966ರಿಂದ ಅಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಸುಮಾರು 13 ಮೀಟರ್ ಎತ್ತರದ ಹುಲ್ಲಿನ ಹೋತವನ್ನು ನಿಲ್ಲಿಸುತ್ತಾರೆ. ಮೊದಲ ವರ್ಷವೇ ಯಾರೋ ಸುಟ್ಟರು. ಆಮೇಲೆ ಎಷ್ಟು ಸಲ ಸುಟ್ಟರೋ! ನಮ್ಮ ಹುಡುಗರು ಕಾಮನ ಹುಣ್ಣಿಮೆಗೆ ಸೌದೆ, ಬೆರಣಿ ಕದ್ದಾದರೂ ಸುಡುತ್ತಾರೆ. ಅಲ್ಲಿ ಕದಿಯುವ ಕಷ್ಟವೂ ಇಲ್ಲ, ಎಲ್ಲ ಜೋಡಿಸಿಟ್ಟಿರುತ್ತದೆ. 1976ರಲ್ಲಿ ಕಾರು ನುಗ್ಗಿಸಿ ಕೆಡವಿದರು. 2001ರಲ್ಲಿ ಸಿಕ್ಕಿಬಿದ್ದವನು ಒಬ್ಬ ಅಮೆರಿಕನ್ ಪ್ರವಾಸಿ. ಸುಡುವುದು ಇಲ್ಲಿನ ಪದ್ಧತಿ, ತಪ್ಪೇನಿಲ್ಲ ಅಂತ ಸ್ನೇಹಿತರು ನಂಬಿಸಿದ್ದರಂತೆ. ಪಾಪ, 18 ದಿನ ಜೈಲು. ಲೈಟರ್ ಬಳಸುವಷ್ಟು ಬುದ್ಧಿ ಇವನಿಗಿಲ್ಲ ಅಂತ ಕೋರ್ಟು ಅದನ್ನೂ ಕಿತ್ತುಕೊಂಡಿತು. 2005ರಲ್ಲಿ ಸಾಂಟಾ ವೇಷದವನೊಬ್ಬ, ಜಿಂಜರ್‌ಬ್ರೆಡ್ (ಶುಂಠಿ ಬಿಸ್ಕತ್ತು) ಬೊಂಬೆಯ ವೇಷದವನೊಬ್ಬ ಬಂದು ಉರಿಯುವ ಬಾಣ ಬಿಟ್ಟು ಓಡಿಹೋದರು. ಈಗ ಠಾಣೆಯಲ್ಲಿ ಕೂತು ಈ ದೂರು ಬರೆದುಕೊಳ್ಳುವ ಪೊಲೀಸಿನವನನ್ನು ನೆನೆಸಿಕೊಳ್ಳಿ. ‘ಆರೋಪಿಯ ಚಹರೆ: ಬಿಸ್ಕತ್ತು.’ ನಗೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ.

2023ರಲ್ಲಿ ಯಾರೂ ಬೆಂಕಿ ಹಚ್ಚಲಿಲ್ಲ. ಆ ಸಲದ ಹುಲ್ಲಿನಲ್ಲಿ ಕಾಳು ಜಾಸ್ತಿ ಉಳಿದಿತ್ತು. ಕಾಗೆ ಜಾತಿಯ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಹೋತವನ್ನು ಕುಕ್ಕಿ ಕುಕ್ಕಿ ತಿಂದವು. ಎಲ್ಲರ ಎದುರಿಗೇ, ಹಾಡುಹಗಲಲ್ಲಿ.