ಶುಗರ್ ಇರುವವರ ಕಣ್ಣಿಗೆ ಕ್ಯಾನ್ಸರ್ ಔಷಧಿ ಯಾಕೆ?

ನಿಮ್ಮ ತಂದೆಗೆ ಶುಗರ್‌ನಿಂದ ಕಣ್ಣು ಮಂಜಾಗಿದೆ, ಡಾಕ್ಟರ್ ಕ್ಯಾನ್ಸರ್‌ಗೆ ಕೊಡುವ ಔಷಧಿಯನ್ನೇ ಕಣ್ಣಿಗೆ ಚುಚ್ಚಬೇಕು ಅಂದರು, ಯಾಕೆ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನನ್ನ ಅಮ್ಮನಿಗೂ ಇದೇ ಇಂಜೆಕ್ಷನ್ ಆಯಿತು. ನಾನೂ ತುಂಬಾ ಹೆದರಿದ್ದೆ. ಈ ಔಷಧಿ ಬರೆದರು ಅಂದ ಮಾತ್ರಕ್ಕೆ ತಂದೆಗೆ ಕ್ಯಾನ್ಸರ್ ಇದೆ ಅಂತಲ್ಲ. ಮೊದಲು ಆ ಚಿಂತೆ ಬಿಡಿ.

ಕ್ಯಾನ್ಸರ್‌ನಲ್ಲೂ ಶುಗರ್‌ನಿಂದ ಕೆಟ್ಟ ಕಣ್ಣಲ್ಲೂ ಕೆಲಸ ಮಾಡುತ್ತಿರುವುದು ವಿಇಜಿಎಫ್ ಎಂಬ ಒಂದೇ ಪ್ರೋಟೀನು. ಇದು ಸಿಕ್ಕಿದ್ದು ಎರಡು ದಾರಿಯಲ್ಲಿ.

1983ರಲ್ಲಿ ಬಾಸ್ಟನ್‌ನ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ಅವರ ತಂಡ, ಕ್ಯಾನ್ಸರ್ ಗಡ್ಡೆಯ ಹತ್ತಿರದ ರಕ್ತನಾಳಗಳು ಯಾಕೆ ಸೋರುತ್ತವೆ ಅಂತ ಹುಡುಕುತ್ತಿತ್ತು. ಗಡ್ಡೆಯೇ ಒಂದು ಪ್ರೋಟೀನು ಬಿಟ್ಟು ನಾಳಗಳನ್ನು ಸೋರಿಸುತ್ತಿತ್ತು. 1989ರಲ್ಲಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್ ಕಂಪನಿಯ ನೆಪೋಲಿಯೋನೆ ಫೆರಾರಾ, ದನದ ಪಿಟ್ಯುಟರಿ ಗ್ರಂಥಿಯ (ಮೆದುಳಿನ ಬುಡದಲ್ಲಿರುವ ಸಣ್ಣ ಗ್ರಂಥಿ) ಜೀವಕೋಶಗಳಿಂದ ರಕ್ತನಾಳ ಬೆಳೆಸುವ ಪ್ರೋಟೀನನ್ನು ಬೇರ್ಪಡಿಸಿದರು. ಜೀನ್ ಓದಿ ನೋಡಿದರೆ ಎರಡೂ ಒಂದೇ! ಸೋರಿಸುವುದೂ ಅದೇ, ಬೆಳೆಸುವುದೂ ಅದೇ.

ಹಾಗಂತ ಇದು ಕೆಟ್ಟದ್ದಲ್ಲ. ಇದರ ಜೀನಿನ ಎರಡು ಪ್ರತಿಗಳಲ್ಲಿ ಒಂದು ಇಲ್ಲದಿದ್ದರೂ ಇಲಿ ಮರಿ ಗರ್ಭದಲ್ಲೇ ಸಾಯುತ್ತದೆ ಎಂದು 1996ರಲ್ಲಿ ಗೊತ್ತಾಯಿತು. ಜಾಸ್ತಿಯಾದಾಗಲೇ ತೊಂದರೆ. ಫೆರಾರಾ ತಂಡ ಇದನ್ನು ಹಿಡಿದು ಕಟ್ಟುವ ಪ್ರತಿಕಾಯ ಮಾಡಿತು. ಅದೇ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅವಾಸ್ಟಿನ್. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಬಂದ ಔಷಧಿ ಇದು. ಮರುವರ್ಷವೇ ಕಣ್ಣಿನ ಡಾಕ್ಟರುಗಳು ಇದನ್ನು ತೀರಾ ಚಿಕ್ಕ ಪ್ರಮಾಣದಲ್ಲಿ ಬಳಸತೊಡಗಿದರು.

ಈಗ ತಂದೆಯ ಕಣ್ಣಿಗೆ ಬರೋಣ. ಶುಗರ್‌ನಿಂದ ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪರದೆಯ, ಸಣ್ಣ ನಾಳಗಳು ಮುಚ್ಚಿಕೊಳ್ಳುತ್ತವೆ. ಆಮ್ಲಜನಕ ಸಾಲದ ರೆಟಿನಾ ವಿಇಜಿಎಫ್ ಅನ್ನು ಜಾಸ್ತಿ ಬಿಡುತ್ತದೆ. ನಾಳ ಸೋರಿ, ರೆಟಿನಾ ಊದಿಕೊಂಡು, ನೋಟ ಮಂಜಾಗುತ್ತದೆ. ಬಾಸ್ಟನ್‌ನವರು ಗಡ್ಡೆಯಲ್ಲಿ ಕಂಡ ಸೋರಿಕೆಯೇ ಇದು, ಅಲ್ವಾ?

ಚುಚ್ಚುವ ಮೊದಲು ಮರಗಟ್ಟುವ ಹನಿ ಹಾಕುತ್ತಾರೆ. ಅಮ್ಮನಿಗೆ ಸ್ವಲ್ಪ ಒತ್ತಿದಂತೆ ಅನಿಸಿತು, ಅಷ್ಟೇ. ತಂದೆಗೆ ಈಚೆಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ದರೆ ಮೊದಲೇ ಹೇಳಿ. ಚುಚ್ಚಿದ ಮೇಲೆ ನೋವು, ಕೆಂಪು ಹೆಚ್ಚಾದರೆ ಅಥವಾ ನೋಟ ಕಡಿಮೆಯಾದರೆ ಅವತ್ತೇ ಆಸ್ಪತ್ರೆಗೆ ಓಡಿ.

ಔಷಧಿಯ ಬಲ ಕೆಲವು ವಾರ ಮಾತ್ರ. ಎರಡನೇ ಇಂಜೆಕ್ಷನ್ ಆದ ಮೇಲೆ ಅಮ್ಮನಿಗೆ ಪೇಪರ್ ಓದಲು ಆಗುತ್ತಿತ್ತು. ಸರಿಹೋಯಿತು ಅಂದುಕೊಂಡು ಮುಂದಿನದಕ್ಕೆ ನಾವು ಹೋಗಲಿಲ್ಲ. ಮೂರು ತಿಂಗಳಲ್ಲಿ ಊತ ಮತ್ತೆ ಬಂತು. ನೀವು ಹಾಗೆ ಮಾಡಬೇಡಿ.